ಮೂರನೆಯ ಸಲ

ಶಹ್ಲಾ ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಆದರೂ ಝಾಲೆಯ ಬೆರಳು ಮೇಲೆದ್ದಿತು. ಕಂಪ್ಯೂಟರಿನ ಪರದೆ ಖಾಲಿಯಾಗಿತ್ತು, ಯಾವ ಸದ್ದೂ ಝಾಲೆಯ ಕಿವಿಯ ಹಿಂದಿನ ಯಂತ್ರಕ್ಕೆ ಹೋಗುವ ಸಣ್ಣ ತಂತಿಯ ಗುಂಟ ಹೊರಟಿರಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತ ಹೆಂಗಸು ಮಾತ್ರ ಉತ್ತರ ಗೊತ್ತಿರುವ ಶಾಲೆಯ ಹುಡುಗಿಯ ಹಾಗೆ ತೋರುಬೆರಳೆತ್ತಿ ನಗುತ್ತಿದ್ದಳು. ಶಹ್ಲಾ ತಲೆಯಾಡಿಸಿ ಏನೋ ಗುರುತು ಹಾಕಿಕೊಂಡವಳಂತೆ ಮಾಡಿದಳು. ಮತ್ತೆ ಸುಮ್ಮನೆ ಕಾದಳು. ಗೋಡೆಯಾಚೆ ಲಿಫ್ಟು ಬಂದು ನಿಂತು, ಬಾಗಿಲು ತೆರೆದು ಮುಚ್ಚಿತು. ಬೆರಳು ಇನ್ನೊಮ್ಮೆ ಮೇಲೆದ್ದಿತು, ಈ ಸಲ ಸ್ವಲ್ಪ ತಡವಾಗಿ, ಶಹ್ಲಾಳ ಕಣ್ಣನ್ನು ನೋಡಿಕೊಂಡು. ಇದು ಶಹ್ಲಾಗೆ ಹೊಸದಲ್ಲ. ಟೆಹ್ರಾನಿನಲ್ಲಿ ಕಿವಿ ಕೇಳದವರೂ ಯಂತ್ರದ ಮುಂದೆ ಮರ್ಯಾದೆ ಬಿಡುವುದಿಲ್ಲ. ಇಷ್ಟು ಕಷ್ಟಪಟ್ಟು ಸದ್ದು ಕಳಿಸುತ್ತಿರುವ ಖಾನುಮ್‌ಗೆ, ಅಂದರೆ ಮೇಡಮ್ಮಿಗೆ, ಬೇಸರವಾಗಬಾರದೆಂದು, ಕೇಳಿಸದ ಸದ್ದಿಗೂ ಬೆರಳೆತ್ತುತ್ತಾರೆ. ಈ ಯಂತ್ರಗಳನ್ನು ಮಾಡುವ ವಿದೇಶಿ ಕಂಪನಿಯ ಯೋಹಾನ್ ಮೊದಲ ವರ್ಷ ಇದನ್ನು ಕಂಡು ಬೆಪ್ಪಾಗಿದ್ದ. ತನ್ನ ದೇಶದಲ್ಲಿ ಕೇಳಿಸಿದವರೂ ಅನುಮಾನದಿಂದ ಸುಮ್ಮನಿರುತ್ತಾರೆ ಎಂದಿದ್ದ. ನಡುವೆ ನಡುವೆ ಸದ್ದು ಕಳಿಸದೆ ಕಾಯಬೇಕು, ಸುಳ್ಳು ಬೆರಳು ಯಾವುದು ಎಂದು ಆಗ ಗೊತ್ತಾಗುತ್ತದೆ ಎಂದು ಅವನಿಗೆ ಕಲಿಸಿಕೊಟ್ಟವಳೇ ಶಹ್ಲಾ.

"ಕೇಳಿಸ್ತಾ ಇದೆಯಾ ಝಾಲೆ ಜಾನ್?" ಶಹ್ಲಾ ಅಕ್ಕರೆಯಿಂದ ಕೇಳಿದಳು.

"ಅಯ್ಯೋ, ಚೆನ್ನಾಗಿ ಕೇಳಿಸ್ತಾ ಇದೆ ಖಾನುಮ್. ನಿಮ್ಮ ಕೈ ತಾಗಿದ ಮೇಲೆ ಕೇಳಿಸ್ದೆ ಇರುತ್ತಾ?"

ಶಹ್ಲಾ ಮೇಜಿನ ಮೇಲಿದ್ದ ರಟ್ಟನ್ನು ಎತ್ತಿ ಬಾಯಿಗೆ ಅಡ್ಡ ಹಿಡಿದಳು. ತುಟಿ ಕಾಣದ ಹಾಗೆ ಕೇಳಿದಳು: "ಮಗಳಿಗೆ ಶಾಲೆ ಶುರುವಾಯ್ತಾ?"

ಝಾಲೆಯ ನಗು ಹಾಗೆಯೇ ಇತ್ತು. ಅವಳು ರಟ್ಟನ್ನು ನೋಡಿದಳು, ಶಹ್ಲಾಳ ಹುಬ್ಬನ್ನು ನೋಡಿದಳು, ಆಮೇಲೆ ತಲೆ ಬಾಗಿಸಿ, "ಎಲ್ಲಾ ನಿಮ್ಮ ದಯೆ" ಎಂದಳು.

ತಲೆಯೊಳಗೆ, ಚರ್ಮದ ಕೆಳಗೆ ವೈದ್ಯರು ಕೂರಿಸಿದ ತುಣುಕು ಸರಿಯಾಗಿಯೇ ಇತ್ತು. ಹಾಳಾಗಿದ್ದು ಅದಕ್ಕೆ ಸದ್ದು ಮುಟ್ಟಿಸುವ, ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ ಯಂತ್ರ. ಶಹ್ಲಾ ತಂತಿ ಬದಲಿಸಿ ನೋಡಿದಳು, ಬ್ಯಾಟರಿ ಬದಲಿಸಿ ನೋಡಿದಳು. ಒಮ್ಮೆ ಝಾಲೆ ಕಣ್ಣರಳಿಸಿ, "ಹಾಂ, ಬಂತು!" ಎಂದಳು, ಮರುಕ್ಷಣವೇ "ಹೋಯ್ತು" ಎಂದು, ತನ್ನದೇ ತಪ್ಪೇನೋ ಎಂಬಂತೆ ತಲೆವಸ್ತ್ರವನ್ನು ಹಣೆಯ ಮೇಲೆ ಎಳೆದುಕೊಂಡಳು. ಯಂತ್ರದ ಅಂಚಿನಲ್ಲಿ ಅಂಟು ಮೆತ್ತಿಕೊಂಡಿತ್ತು. ಯಾರು ತೆರೆದದ್ದು ಎಂದು ಶಹ್ಲಾ ಸನ್ನೆ ಮಾಡಿ ಕೇಳಿದಳು.

"ನಮ್ಮ ಬೀದಿ ಮೊಬೈಲ್ ರಿಪೇರಿಯವನು. ಒಳಗೆ ಬೆವರು ಹೋಗಿದೆ, ಹೇರ್ ಡ್ರೈಯರ್ ಹಿಡಿದ್ರೆ ಸರಿಹೋಗುತ್ತೆ ಅಂದ. ಅವನ ಹತ್ರ ಹೇರ್ ಡ್ರೈಯರ್ ಎಲ್ಲಿ? ನನ್ನ ಪಾರ್ಲರಿಂದಾನೇ ತಂದುಕೊಟ್ಟೆ!" ಝಾಲೆ ತಾನೇ ಜೋರಾಗಿ ನಕ್ಕಳು, ತನ್ನ ದನಿ ಎಷ್ಟು ಎತ್ತರಕ್ಕೆ ಹೋಗಿದೆಯೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. "ಈಗ ಕನ್ನಡೀಲಿ ತುಟಿ ನೋಡ್ಕೊಂಡು ಕತ್ತರಿ ಆಡಿಸ್ತೀನಿ ಖಾನುಮ್. ಮೊನ್ನೆ ಒಬ್ಬಳು ತಲೆ ಬಗ್ಗಿಸ್ಕೊಂಡು ಸಾಕು, ಸಾಕು ಅಂತಿದ್ಲಂತೆ. ನಂಗೆಲ್ಲಿ ಗೊತ್ತಾಗ್ಬೇಕು? ಭುಜಕ್ಕೆ ನಿಲ್ಲಬೇಕಾಗಿದ್ದು ಕಿವಿಗೆ ಬಂತು. ಮದುವೆ ಮನೆಗೆ ಹೊರಟಿದ್ದವಳು, ಪಾಪ. ಹೆಂಗಸ್ರು ಬರೀ ಕೂದ್ಲಿಗೆ ಬರ್ತಾರಾ? ಅತ್ತೆ ಮೇಲೆ ದೂರು ಹೇಳೋಕೆ ಬರ್ತಾರೆ. ಅದನ್ನ ಕೇಳೋ ಕಿವಿ ಇಲ್ಲದ ಮೇಲೆ ಪಾರ್ಲರ್ ಏನು, ಕುರಿ ಉಣ್ಣೆ ಕತ್ತರಿಸೋ ಕೊಟ್ಟಿಗೆ ಏನು."

ಆಮೇಲೆ ಅವಳು ಚೀಲದಿಂದ ಮನೆಯಲ್ಲೇ ಒಣಗಿಸಿ ಮಾಡಿದ ಹುಳಿ ಆಲೂಬುಖಾರ ಹಣ್ಣಿನ ಹಾಳೆಗಳ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಪೊಟ್ಟಣದ ಮಡಿಕೆಯನ್ನು ಉಗುರಿನಿಂದ ತೀಡುತ್ತ, ಶಹ್ಲಾಳ ಕಡೆ ನೋಡದೆ ಹೇಳಿದಳು: "ಹಗಲು ಹೇಗೋ ಆಗುತ್ತೆ. ಮುಖ ಕಾಣುತ್ತಲ್ಲ. ಆದ್ರೆ ನಮ್ಮ ಹುಡುಗಿ ಇದ್ದಾಳಲ್ಲ, ಹಗಲೆಲ್ಲ ತುಟಿ ಬಿಚ್ಚಲ್ಲ. ಶಾಲೇಲಿ ಏನಾಯ್ತು, ಯಾರು ಹೊಡೆದ್ರು, ಯಾರು ಜೊತೆಗೆ ಸೇರಿಸ್ಕೊಳ್ಲಿಲ್ಲ, ಎಲ್ಲಾ ದೀಪ ಆರಿಸಿದ ಮೇಲೇನೇ ಹೇಳೋದು. ಮೊದಲಿಂದ ಅದೇ ಅಭ್ಯಾಸ. ಈಗ ಕತ್ತಲಲ್ಲಿ ನನ್ನ ಕುತ್ತಿಗೆಗೆ ಅವಳ ಉಸಿರು ತಾಗುತ್ತೆ. ಏನೋ ಹೇಳ್ತಾ ಇದ್ದಾಳೆ ಅಂತ ಅಷ್ಟು ಗೊತ್ತಾಗುತ್ತೆ. ನಾನು ಹೂಂ ಅಂತೀನಿ."

ಇವಳು ಕೇಳಲಿ ಎಂದು ಶಹ್ಲಾ ಕಾದಳು. ಹೊಸ ಯಂತ್ರ ಸಿಗುತ್ತದೆಯೇ ಎಂದು ಒಂದು ಸಲ ಬಾಯಿಬಿಟ್ಟು ಕೇಳಿದರೆ ತಾನೂ ಬಾಯಿಬಿಟ್ಟು ಇಲ್ಲ ಎನ್ನಬಹುದು. ಝಾಲೆ ಕೇಳಲಿಲ್ಲ. ಎದ್ದು ನಿಂತು, "ನೀವೇನೂ ತಲೆ ಕೆಡಿಸ್ಕೋಬೇಡಿ ಖಾನುಮ್. ಬಂದ್ರೆ ಮೊದ್ಲು ಸಣ್ಣ ಮಕ್ಕಳಿಗೆ ಕೊಡಿ. ನಂದೇನು, ಅರ್ಧ ಆಯಸ್ಸು ಕೇಳಿದ್ದೀನಿ, ಸಾಲ್ದಾ?" ಎಂದಳು. ಬಾಗಿಲಿನ ತನಕ ಹೋದವಳು ತಿರುಗಿ, "ಅಕಸ್ಮಾತ್ ಏನಾದ್ರೂ..." ಎಂದು ಅಲ್ಲಿಗೇ ನಿಲ್ಲಿಸಿ, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದಳು. ಶಹ್ಲಾಳ ಬಾಯಿಂದ ತಾನಾಗಿ ಮಾತು ಹೊರಟಿತು: "ಬುಧವಾರ ಬಾ. ಏನಾದ್ರೂ ದಾರಿ ಆಗುತ್ತೆ." ದಾರಿ ಇರಲಿಲ್ಲ. ಝಾಲೆ ತುಟಿ ಓದಿ, ಮುಖವೆಲ್ಲ ಬೆಳಗಿಸಿಕೊಂಡು ಹೋದಳು.

ಬಾಗಿಲ ಪಕ್ಕದ ಗೋಡೆಯಲ್ಲಿ ಕಂಪನಿಯ ಫಲಕ ಇದ್ದ ಜಾಗ ಉಳಿದ ಗೋಡೆಗಿಂತ ಬೆಳ್ಳಗಿತ್ತು. ಯೋಹಾನ್ ಹೊರಟ ದಿನವೂ ಈ ಕೋಣೆಯಲ್ಲಿ ಹೀಗೆಯೇ ಬಿಸಿಲಿತ್ತು. ದೇಶದ ಮೇಲೆ ಹೊರಗಿನವರ ವ್ಯಾಪಾರ ನಿರ್ಬಂಧ ಮತ್ತೆ ಬರುತ್ತದೆಂದು ಗೊತ್ತಾದ ವಾರದಿಂದಲೇ ಎದುರಿನ ಕಟ್ಟಡದ ಕಾರಿನ ಕಂಪನಿಯವರು, ಕೆಳಗಿನ ಮಹಡಿಯ ತೈಲದ ಯಂತ್ರದವರು ಕುರ್ಚಿ ಮೇಜು ಇಳಿಸತೊಡಗಿದ್ದರು; ಲಿಫ್ಟಿನಲ್ಲಿ ದಿನಾ ಯಾವುದಾದರೊಂದು ಕಪಾಟು ಅಡ್ಡ ನಿಂತಿರುತ್ತಿತ್ತು. ತಮಗೆ ಹಾಗಾಗುವುದಿಲ್ಲ ಎಂದು ಶಹ್ಲಾ ನಂಬಿದ್ದಳು. ಔಷಧಕ್ಕೂ ಚಿಕಿತ್ಸೆಯ ಸಾಮಾನಿಗೂ ತಡೆಯಿಲ್ಲ ಎಂದು ನಿರ್ಬಂಧ ಹೇರಿದವರ ಕಾನೂನಿನಲ್ಲೇ ಇತ್ತಲ್ಲ. ಕಾನೂನು ಸುಳ್ಳು ಹೇಳಲಿಲ್ಲ. ಆದರೆ ಹಣ ದಾಟಿಸಲು ಒಂದು ಬ್ಯಾಂಕೂ ಮುಂದೆ ಬರಲಿಲ್ಲ, ಪೆಟ್ಟಿಗೆ ಹೊರಲು ಒಂದು ಹಡಗಿನವನೂ ಒಪ್ಪಲಿಲ್ಲ. ಯಾರೂ ಬೇಡವೆನ್ನದೆ ಎಲ್ಲವೂ ನಿಂತುಹೋಯಿತು. ಯೋಹಾನ್ ಎಲ್ಲರಿಗೂ ಚಾಕೊಲೇಟ್ ಹಂಚಿದ. ನಾವು ಬಿಟ್ಟುಹೋಗುತ್ತಿಲ್ಲ, ಸ್ವಲ್ಪ ಕಾಲ ನಿಲ್ಲಿಸುತ್ತಿದ್ದೇವೆ ಎಂದ. ಅವನ ಕಣ್ಣು ಕೆಂಪಾಗಿತ್ತು, ಕಪ್ಪು ಕೋಟಿನ ತೋಳಿನಲ್ಲಿ ಧೂಳು. ಎರಡು ವರ್ಷದ ಹಿಂದೆ ಅವನು ಇದೇ ಮೇಜಿನ ಮೇಲಿದ್ದ ನೀಲಿ ಬಟ್ಟಲನ್ನು ಹೊಗಳಿದ್ದ. ಅವನು ಬೇಡವೆನ್ನುತ್ತಾನೆಂದುಕೊಂಡು ಶಹ್ಲಾ ವಾಡಿಕೆಯಂತೆ "ನಿಮ್ಮದೇ ಅಂದುಕೊಳ್ಳಿ" ಎಂದಿದ್ದಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು, ಮುಖ ಕೆಂಪಾಗಿಸಿಕೊಂಡು, ಯಾರೂ ತನಗೆ ಇಂಥದ್ದು ಕೊಟ್ಟಿರಲಿಲ್ಲ ಎಂದಿದ್ದ. ಅವಳ ತಾಯಿಯ ಬಟ್ಟಲು. ಮನೆಯಲ್ಲಿ ತಂಗಿ ಮಹಿನ್ ಬಿದ್ದು ಬಿದ್ದು ನಕ್ಕಿದ್ದಳು. ಅಷ್ಟಾದರೂ ಆ ದಿನ, ಎಲ್ಲರೂ ಹೋದ ಮೇಲೆ ಅವನು ಅವಳನ್ನು ಕೂರಿಸಿಕೊಂಡು, "ಇಲ್ಲಿರುವ ದಾಸ್ತಾನು ಸಾಕಾಗುತ್ತದೆಯೇ ಶಹ್ಲಾ? ನೇರವಾಗಿ ಹೇಳಿ, ನಾನು ಅಲ್ಲಿ ಹೋಗಿ ಜಗಳವಾಡುತ್ತೇನೆ" ಎಂದು ಕೇಳಿದಾಗ ಅವಳಿಗೆ ಕಂಡದ್ದು ದಾಸ್ತಾನಲ್ಲ, ತನ್ನ ಊರಿನಿಂದ ತಲೆ ತಗ್ಗಿಸಿ ಹೊರಡುತ್ತಿರುವ ಒಬ್ಬ ಅತಿಥಿ. ಹೊಸ್ತಿಲಲ್ಲಿ ನಿಂತವನ ತಲೆಯ ಮೇಲೆ ತನ್ನ ಕಷ್ಟ ಹೊರಿಸಿ ಕಳಿಸುವುದುಂಟೇ? "ನೀವೇನೂ ಯೋಚನೆ ಮಾಡಬೇಡಿ. ಸಾಕಾಗುತ್ತೆ. ನಾವು ನಿಭಾಯಿಸ್ತೀವಿ" ಎಂದಳು. ಅವನು ಮತ್ತೆ ಕೇಳುತ್ತಾನೆಂದುಕೊಂಡಿದ್ದಳು. ಎರಡನೆಯ ಸಲಕ್ಕೆ ಸ್ವಲ್ಪ ತಡವರಿಸಿ, ಮೂರನೆಯ ಸಲಕ್ಕೆ ನಿಜ ಹೇಳುವುದು ಎಂದು ಮನಸ್ಸಿನಲ್ಲಿ ಮಾತನ್ನು ಜೋಡಿಸಿಟ್ಟುಕೊಂಡೂ ಇದ್ದಳು. ಅವನು ಒಂದೇ ಸಲ ಕೇಳಿದ. ಎದ್ದು ಅವಳ ಕೈ ಕುಲುಕಲು ಹೋಗಿ, ಇಲ್ಲಿ ಹಾಗೆ ಮಾಡಬಾರದೆಂದು ನೆನಪಾಗಿ ಕೈಯನ್ನು ಎದೆಯ ಮೇಲಿಟ್ಟುಕೊಂಡ. ಅವನ ಭುಜ ಹಗುರವಾದದ್ದು ಕೋಟಿನ ಮೇಲಿಂದಲೇ ಕಾಣುತ್ತಿತ್ತು.

ಬೇಸಿಗೆ ಕಳೆಯುವಷ್ಟರಲ್ಲಿ ದಾಸ್ತಾನಿನಲ್ಲಿ ಒಂದು ಯಂತ್ರವೂ ಉಳಿದಿರಲಿಲ್ಲ. ಆಗ ಅವಳು ಅವರ ಕೇಂದ್ರ ಕಚೇರಿಗೆ ಕರೆ ಮಾಡಿದಳು, ಹೆಚ್ಚಲ್ಲ, ಒಂದು ಸಣ್ಣ ಪೆಟ್ಟಿಗೆಯಷ್ಟನ್ನು ಯಾರ ಕೈಯಲ್ಲಾದರೂ ಕಳಿಸಿ ಎಂದು. ಪರದೆಯ ಮೇಲೆ ಬಂದವಳು ಇವಳ ಅರ್ಧ ವಯಸ್ಸಿನ ಹುಡುಗಿ. ಬೆನ್ನ ಹಿಂದೆ ದೊಡ್ಡ ಕಿಟಕಿ, ಅದರಲ್ಲಿ ಮೋಡ. ಹುಡುಗಿ ಒರಟಾಗಿ ಮಾತಾಡಲಿಲ್ಲ, ನಿಜವಾಗಿಯೂ ಗೊಂದಲಗೊಂಡವಳಂತೆ ಹುಬ್ಬು ಗಂಟಿಕ್ಕಿ, "ಆದರೆ ಸಾಕಾಗುತ್ತದೆ ಎಂದು ನೀವೇ ಹೇಳಿದ್ದಿರಲ್ಲ? ಯೋಹಾನ್ ಆವತ್ತೇ ನಮಗೆ ತಿಳಿಸಿದ್ದ" ಎಂದಳು. ಶಹ್ಲಾ ತನ್ನ ಇಂಗ್ಲಿಷಿನಲ್ಲಿ ಏನನ್ನೋ ಹುಡುಕಿದಳು. ನಾನು ಹೇಳಿದ್ದು ನಿಜ, ಆದರೆ ಅದು ಹೇಳಿದ್ದಲ್ಲ, ಎನ್ನುವುದಕ್ಕೆ ಆ ಭಾಷೆಯಲ್ಲಿ ಮಾತಿರಲಿಲ್ಲ. "ಹೌದು, ಹೇಳಿದ್ದೆ. ತೊಂದರೆ ಕೊಟ್ಟೆ, ಕ್ಷಮಿಸಿ" ಎಂದು ಮುಗಿಸಿದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಕೈಯನ್ನು ಸುಮ್ಮನೆ ನೀರಿನ ಕೆಳಗೆ ಹಿಡಿದು ನಿಂತಿದ್ದಳು.

ಅದು ಬರೀ ಮರ್ಯಾದೆಯ ಮಾತಾಗಿದ್ದರೆ ಇಷ್ಟು ಸುಡುತ್ತಿರಲಿಲ್ಲವೇನೋ. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಇನ್ನಿಬ್ಬರು ಹೆಂಗಸರ ನಡುವೆ ಇಕ್ಕಟ್ಟಾಗಿ ಕೂತು ಮನೆಗೆ ಹೋಗುವಾಗ ಶಹ್ಲಾ ದಿನವೂ ಮುಟ್ಟಿ ಹಿಂದೆಗೆಯುವ ಜಾಗಕ್ಕೆ ಇವತ್ತೂ ಬಂದಳು. ಸಾಕಾಗುತ್ತದೆ ಎಂದು ಯೋಹಾನ್‌ಗೆ ಹೇಳಿದ ದಿನ, ಕೊನೆಯ ಸರಕಿನಿಂದ ಒಂದು ಯಂತ್ರ ಆಗಲೇ ಅವಳ ಮನೆಯ ಬೀರುವಿನಲ್ಲಿತ್ತು. ಕದ್ದದ್ದಲ್ಲ. ತಂಗಿ ಮಹಿನ್ ಕೂಡ ಇದೇ ಕಂಪನಿಯ ಯಂತ್ರದಿಂದ ಕೇಳುವವಳು. ಅವಳ ಹೆಸರಿನಲ್ಲಿ, ಎಲ್ಲರಿಗೂ ತಿಳಿದೇ, ತನ್ನ ಸಂಬಳದಲ್ಲಿ ಶಹ್ಲಾ ಅದನ್ನು ಕೊಂಡಿದ್ದಳು. ಆಗ ಕಚೇರಿಯ ಕಪಾಟಿನಲ್ಲಿ ಇನ್ನೂ ಬೇಕಾದಷ್ಟಿದ್ದವು. ಆದರೆ ಅದು ಮನೆಯಲ್ಲಿ ಇಲ್ಲದಿದ್ದರೆ ಆ ಮಾತು ಅಷ್ಟು ಸಲೀಸಾಗಿ ಬಾಯಿಂದ ಬರುತ್ತಿತ್ತೇ? ಕೆಂಪು ಕಣ್ಣಿನ ಅತಿಥಿಯ ಮುಂದೆ ಉದಾರಿಯಾಗಲು ಅವಳಿಗೆ ಧೈರ್ಯ ಬಂದದ್ದು, ಸ್ವೆಟರುಗಳ ಕೆಳಗಿದ್ದ ಆ ಪುಟ್ಟ ಪೆಟ್ಟಿಗೆಯಿಂದಲ್ಲವೇ? ಒಮ್ಮೊಮ್ಮೆ ಮಹಿನ್ ಬಟ್ಟೆ ತೆಗೆಯುವ ನೆಪದಲ್ಲಿ ಬೀರು ತೆರೆದು, ಸ್ವೆಟರುಗಳ ಕೆಳಗೆ ಕೈ ಹಾಕಿ, ಪೆಟ್ಟಿಗೆ ಬೆರಳಿಗೆ ತಾಗಿದ ಮೇಲೆ ಬಾಗಿಲು ಮುಚ್ಚುವುದನ್ನು ಶಹ್ಲಾ ನೋಡಿದ್ದಾಳೆ. ಅವಳು ಈಗ ಹಾಕಿಕೊಳ್ಳುವುದು ಹಳೆಯದಾಗಿದೆ, ತಂತಿಗೆ ಪ್ಲಾಸ್ಟರು ಸುತ್ತಿದೆ. ಅದು ನಿಂತ ದಿನ ಮಹಿನ್‌ಗೆ ಆ ಪೆಟ್ಟಿಗೆ ಬಿಟ್ಟರೆ ಬೇರೇನೂ ಇಲ್ಲ.

ತಿರುವಿನಲ್ಲಿ ಇಳಿದು ಬಾಡಿಗೆ ಚಾಚಿದಾಗ ಡ್ರೈವರ್, "ಇರ್ಲಿ ಬಿಡಿ ಖಾನುಮ್, ಇವತ್ತು ನಮ್ಮ ಅತಿಥಿ ಆಗಿ" ಎಂದ.

"ನಿಮ್ಮ ಕೈಗೆ ನೋವಾಗದಿರಲಿ, ತೊಗೊಳ್ಳಿ" ಎಂದು ಉಪಚಾರದ ಮಾತಾಡಿ ಶಹ್ಲಾ ಮತ್ತೆ ಚಾಚಿದಳು.

"ನಿಜವಾಗ್ಲೂ ಬೇಡ."

ಮೂರನೆಯ ಸಲ ಚಾಚಿದಾಗ ಅವನು ಕನ್ನಡಿಯಲ್ಲಿ ಹಿಂದಿನ ಗಾಡಿಗಳನ್ನು ನೋಡುತ್ತಲೇ ನೋಟನ್ನು ತೆಗೆದು ಅಂಗಿಯ ಜೇಬಿಗೆ ತುರುಕಿಕೊಂಡ. ಮೂರನೆಯ ಸಲವೂ ಬೇಡವೆಂದಿದ್ದರೆ ಅವಳು ಗಾಬರಿಯಾಗುತ್ತಿದ್ದಳು. ಮೂರನೆಯ ಸಲದ ಮಾತನ್ನು ಇಲ್ಲಿ ಯಾರೂ ಸುಮ್ಮನೆ ಆಡುವುದಿಲ್ಲ.

ಮಹಿನ್ ಅಡುಗೆಮನೆಯ ನೆಲದಲ್ಲಿ ಹಳೆಯ ಪತ್ರಿಕೆ ಹರಡಿ ಸೊಪ್ಪಿನ ರಾಶಿಯ ನಡುವೆ ಕೂತಿದ್ದಳು. ಹುಡುಗಿಯರ ಶಾಲೆಯಲ್ಲಿ ಭೂಗೋಳ ಹೇಳಿಕೊಡುವ ಅವಳು ಮನೆಗೆ ಬಂದ ಮೇಲೂ ಟೀಚರೇ. "ಮೆಂತ್ಯ ಯಾಕೆ ಇಷ್ಟೊಂದು ತಂದೆ ಅಕ್ಕಾ? ಸಾರು ಕಹಿ ಮಾಡಿ ನನ್ನ ಓಡಿಸೋ ಯೋಚನೆಯಾ?"

"ಓಡಿಸಿದ್ರೆ ನೀನು ಹೋಗೋ ಪೈಕಿನಾ?" ಶಹ್ಲಾ ಕೋಟು ಕಳಚಿ, ಎದುರಿಗೆ ಕೂತು, ಒಂದು ಹಿಡಿ ಕೊತ್ತಂಬರಿ ಎಳೆದುಕೊಂಡಳು.

"ಇವತ್ತು ಪ್ರಿನ್ಸಿಪಾಲಮ್ಮ ಒಂದು ಗಂಟೆ ಭಾಷಣ ಮಾಡಿದ್ಲು. ನಾನು ಮೆಲ್ಲಗೆ ಯಂತ್ರ ಆಫ್ ಮಾಡಿ ಕೂತಿದ್ದೆ. ಉಳಿದವ್ರೆಲ್ಲ ಹೊಟ್ಟೆಕಿಚ್ಚಿನಿಂದ ನನ್ನನ್ನ ನೋಡ್ತಾ ಇದ್ರು." ಮಹಿನ್ ಮಾತಾಡುತ್ತ ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿದಳು. ತಂತಿಯ ಒಳಗೆ ಎಲ್ಲೋ ತುಂಡಾದ ಎಳೆ ಆಗ ಕೂಡಿಕೊಳ್ಳುತ್ತದೆ, ಸದ್ದು ಮರಳುತ್ತದೆ. ಅವಳ ಹುಡುಗಿಯರು ಅದೊಂದು ಠೀವಿಯೆಂದುಕೊಂಡು ಬೆನ್ನ ಹಿಂದೆ ಹಾಗೆಯೇ ತಲೆ ವಾಲಿಸಿ ಅಣಕಿಸುತ್ತಾರಂತೆ. "ಯಾಕೆ ಸಪ್ಪಗಿದ್ದೀಯ? ಇವತ್ತು ಯಾರು ಬಂದಿದ್ರು?"

ಹೇಳಬಾರದೆಂದಿದ್ದ ಶಹ್ಲಾ ಹೇಳಿದಳು. ಹೇರ್ ಡ್ರೈಯರಿನ ಕತೆಗೆ ಮಹಿನ್ ನಕ್ಕಳು, ಕಿವಿಗೆ ಬಂದ ಕೂದಲಿಗೆ ಬಾಯಿ ಮುಚ್ಚಿಕೊಂಡಳು. ಕತ್ತಲಲ್ಲಿ ಮಾತ್ರ ಮಾತಾಡುವ ಮಗುವಿನ ವಿಷಯ ಬಂದಾಗ ಅವಳ ಕೈ ಸೊಪ್ಪಿನಲ್ಲೇ ನಿಂತಿತು. ಅವಳು ಗುಂಯ್‌ಗುಡುತ್ತಿದ್ದ ಫ್ರಿಜ್ಜಿನ ಕಡೆ ನೋಡಿದಳು. ಜ್ವರ ಬಂದು ಕಿವಿ ಹೋದ ಮೊದಲ ಚಳಿಗಾಲ ಮಹಿನ್ ಇದೇ ಫ್ರಿಜ್ಜಿಗೆ ಅಂಗೈ ಒತ್ತಿ ಗಂಟೆಗಟ್ಟಲೆ ಕೂತಿರುತ್ತಿದ್ದಳು. ಏನು ಮಾಡುತ್ತಿದ್ದೀಯ ಎಂದು ಬರೆದು ಕೇಳಿದರೆ, ಮನೆಯಲ್ಲಿ ಒಂದಾದರೂ ನನ್ನ ಜೊತೆ ಮಾತಾಡುತ್ತಿದೆ ನೋಡು ಎಂದಿದ್ದಳು. ಹಾಗೆ ಹೇಳುವಾಗ ಅವಳ ದನಿ ಅವಳದಾಗಿರಲಿಲ್ಲ, ಚಪ್ಪಟೆಯಾಗಿ, ಯಾರದೋ ದನಿಯಾಗಿತ್ತು.

"ಹಾಗಾದ್ರೆ ಕೊಟ್ಬಿಡು ಅಕ್ಕಾ" ಎಂದಳು ಮಹಿನ್.

"ಏನನ್ನ?"

"ಗೊತ್ತಿಲ್ಲದವಳ ಹಾಗೆ ಆಡ್ಬೇಡ. ಬೀರುವಿನಲ್ಲಿರೋದನ್ನ. ಸುಮ್ನೆ ಸ್ವೆಟರ್ ಕಾಯ್ತಾ ಬಿದ್ದಿದೆ."

"ಹುಚ್ಚಾ ನಿಂಗೆ? ಅದು ನಿಂದು."

"ನಂದು ನಡೀತಾ ಇದೆಯಲ್ಲ ಇನ್ನೂ. ನಿಜವಾಗ್ಲೂ ಹೇಳ್ತೀನಿ, ಕೊಡು. ಆ ಹೆಂಗಸಿಗೆ ಮಗು ಇದೆ. ನಂಗೆ ಯಾರಿದ್ದಾರೆ ಕತ್ತಲಲ್ಲಿ ಮಾತಾಡೋಕೆ? ನೀನು ಗೊರಕೆ ಹೊಡೀತೀಯ ಅಷ್ಟೆ."

"ಬೇಡ ಮಹಿನ್. ಆ ಮಾತು ಬಿಡು."

ಎರಡು ಸಲವಾಯಿತು. ಶಹ್ಲಾ ಕೊತ್ತಂಬರಿಯ ಬೇರು ಕಿತ್ತಳು, ಹಳದಿಯಾದ ಎಲೆಯೊಂದನ್ನು ಆರಿಸಿ ಪತ್ರಿಕೆಯ ಅಂಚಿಗೆ ಹಾಕಿದಳು, ಇನ್ನೊಂದನ್ನು ಹುಡುಕಿದಳು. ಮೂರನೆಯ ಸಲಕ್ಕಾಗಿ ಕಾಯುತ್ತಿದ್ದೇನೆಂದು ಅವಳಿಗೇ ಆಮೇಲೆ ಗೊತ್ತಾಯಿತು. ಮಹಿನ್ ತಲೆ ಬಗ್ಗಿಸಿಕೊಂಡಿದ್ದಳು. ಪ್ಲಾಸ್ಟರು ಸುತ್ತಿದ ತಂತಿ ಕಿವಿಯ ಹಿಂದಿನಿಂದ ಕೂದಲೊಳಗೆ ಹೋದದ್ದು ಕಾಣುತ್ತಿತ್ತು. ಅವಳ ತುಟಿ ಒಮ್ಮೆ ತೆರೆಯಿತು.

"ಅಬ್ಬ, ಈ ಕೊತ್ತಂಬರೀಲಿ ಸೊಪ್ಪಿಗಿಂತ ಮಣ್ಣೇ ಜಾಸ್ತಿ" ಎಂದು ಬುಟ್ಟಿ ಎತ್ತಿಕೊಂಡು ಎದ್ದಳು. ನಲ್ಲಿ ತಿರುಗಿಸಿದಳು. ನೀರು ಬುಟ್ಟಿಯ ಮೇಲೆ ಬೀಳುವ ಸದ್ದಿನಲ್ಲಿ ಅವಳ ಬೆನ್ನು ಸಡಿಲವಾಯಿತು, ಯೋಹಾನ್‌ನ ಭುಜ ಹಗುರವಾದ ಹಾಗೆ. ಒಂದು ದೊಡ್ಡ ಮಾತನ್ನು ಆಡಬೇಕಾದ ರೀತಿಯಲ್ಲಿ ಆಡಿ, ಬೇಡವೆನ್ನಿಸಿಕೊಳ್ಳಬೇಕಾದ ರೀತಿಯಲ್ಲಿ ಬೇಡವೆನ್ನಿಸಿಕೊಂಡು, ಅವಳು ಸಮಾಧಾನದಲ್ಲಿದ್ದಳು. ಅದರಲ್ಲಿ ಕಪಟವಿರಲಿಲ್ಲ. ಎರಡು ಸಲವೂ ಅವಳು ಮನಸಾರೆ ಹೇಳಿದ್ದಳು. ಅಕ್ಕ ಬೇಡವೆನ್ನುತ್ತಾಳೆಂಬ ಭರವಸೆಯಲ್ಲಿ ಮನಸಾರೆ. ಆ ಭರವಸೆಯನ್ನು ಉಳಿಸುವುದೇ ಅಕ್ಕನ ಕೆಲಸ. ಹುಟ್ಟಿದಾಗಿನಿಂದ ಇಬ್ಬರೂ ಒಬ್ಬರಿಗೊಬ್ಬರು ಮಾಡಿಕೊಂಡು ಬಂದದ್ದು ಅದನ್ನೇ, ತಟ್ಟೆಯ ಕೊನೆಯ ತುಂಡಿನಿಂದ ಹಿಡಿದು ತಾಯಿಯ ಚಿನ್ನದ ತನಕ.

ಶಹ್ಲಾ ನೆಲದಲ್ಲೇ ಕೂತು, ತೇವಗೊಂಡ ಪತ್ರಿಕೆಯನ್ನು ಮಡಿಸಿದಳು. ತಂಗಿ ಹಾಡು ಗುನುಗುತ್ತಿದ್ದಳು, ಶ್ರುತಿ ಸ್ವಲ್ಪ ತಪ್ಪಿ. ಒಂದು ದಿನ ಆ ತಂತಿಯೋ ಅದರ ಹಿಂದಿನ ಯಂತ್ರವೋ ನಿಲ್ಲುತ್ತದೆ, ಈ ಚಳಿಗಾಲವೋ ಮುಂದಿನದೋ. ಮಹಿನ್ ತಲೆಯನ್ನು ಎಡಕ್ಕೆ ವಾಲಿಸುತ್ತಾಳೆ, ಬಲಕ್ಕೆ ವಾಲಿಸುತ್ತಾಳೆ, ಆಮೇಲೆ ಬೀರುವಿನ ಹತ್ತಿರ ಹೋಗುತ್ತಾಳೆ. ಆ ದಿನ ತಾನು ಏನು ಹೇಳಬಹುದು? ಕೊಡು ಎಂದು ನೀನೇ ಹೇಳಿದ್ದೆಯಲ್ಲ, ಎಂದು. ಮೋಡದ ಕಿಟಕಿಯ ಮುಂದೆ ಕೂತ ಹುಡುಗಿ ಹೇಳಿದಂತೆಯೇ, ಹುಬ್ಬು ಗಂಟಿಕ್ಕಿ, ಒಂದಿಷ್ಟೂ ಸುಳ್ಳಿಲ್ಲದೆ. ಆ ಮಾತು ಕೇಳಿಸಿಕೊಳ್ಳಲು ಆಗ ಮಹಿನ್‌ಗೆ ಕಿವಿಯೂ ಇರುವುದಿಲ್ಲ, ಬರೆದು ತೋರಿಸಬೇಕಾಗುತ್ತದೆ. ಆದರೂ ಕತ್ತಲಲ್ಲಿ ಒಂದು ಮಗುವಿನ ಉಸಿರಿಗೆ ಹೂಂ ಎನ್ನುತ್ತಿರುವ ಹೆಂಗಸು ಕಣ್ಣ ಮುಂದಿನಿಂದ ಹೋಗಲಿಲ್ಲ.

"ಅಕ್ಕಾ, ನಾಳೆ ನಂಗೆ ಬೆಳಿಗ್ಗೆ ಮೊದಲನೇ ಕ್ಲಾಸು. ನೀನು ಏಳೋ ಹೊತ್ತಿಗೆ ಹೋಗಿರ್ತೀನಿ. ಚಹಾ ಮಾಡಿಟ್ಟಿರ್ಲಾ?"

"ಬೇಡ, ನಾನೇ ಮಾಡ್ಕೊತೀನಿ."

"ಮಾಡಿಡ್ತೀನಿ ಬಿಡು."

ಶಹ್ಲಾ ಹೂಂ ಎಂದಳು. ನೀರಿನ ಸದ್ದಿನಲ್ಲಿ ತಂಗಿಗೆ ಅದು ಕೇಳಿಸಿತೋ ಇಲ್ಲವೋ. ತಂಗಿ ಹೋದ ಮೇಲೆ ಏಳುವುದು ಎಂದುಕೊಂಡಳು. ಬೀರು ತೆರೆಯುವುದು, ಯಂತ್ರವನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಳ್ಳುವುದು. ಬುಧವಾರ ಝಾಲೆ ಯಾರದೆಂದು ಕೇಳಿದರೆ ಹೊಸ ಸರಕು ಬಂತು ಎನ್ನುವುದು. ಖಾಲಿ ಪೆಟ್ಟಿಗೆಯನ್ನು ಮಾತ್ರ ಮುಚ್ಚಳ ಹಾಕಿ, ಮಹಿನ್‌ಳ ಬೆರಳಿಗೆ ತಾಗುವ ಹಾಗೆ, ಸ್ವೆಟರುಗಳ ಕೆಳಗೆ ಇದ್ದಲ್ಲಿಯೇ ಇಡುವುದು.